ನನ್ನ ಬಿ.ಪಿ., ಅವಳ ಹಲ್ಲು

ಮೂವತ್ತೆಂಟು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವನು ನಾನು. ಎಂಥೆಂಥ ಮೀಟರುಗಳು! ಜೇಡರಬಲೆಯ ಹಿಂದಿನವು, ನಾಯಿ ಕಾವಲಿನವು, ಸ್ನಾನದ ಮನೆಯಲ್ಲಿ ಯಾರೋ ಇದ್ದ ಕಾರಣ ಬಾಗಿಲ ಹೊರಗೆ ನಿಂತು ದಿವ್ಯದೃಷ್ಟಿಯಿಂದಲೇ ಬರೆದುಕೊಂಡವು. ಅಂಥವನಿಗೆ ಸ್ವಂತ ಮೈಯ ಮೀಟರ್ ಓದುವುದು ಯಾವ ಮಹಾ ಕೆಲಸ? ನಿವೃತ್ತನಾದ ಮೂರನೇ ವರ್ಷ, ಮನೆಯವರೆಲ್ಲರ ಮುಂದೆ ಹಾಗೆಂದು ಘೋಷಿಸಿಯೇಬಿಟ್ಟೆ. ಮನೆಯವರೆಲ್ಲ ಎಂದರೆ ನನ್ನಾಕೆ ಒಬ್ಬಳು.

ಘೋಷಣೆಗೆ ಕಾರಣ ನಮ್ಮ ಡಾಕ್ಟರು. ಬಿ.ಪಿ. ಏರಿದೆ ಎಂದು ಉಪ್ಪು ಬಿಡಿಸಿದರು. ಬಾಯಿ ಸಪ್ಪೆಯಾಯಿತೇ ಹೊರತು ಬಿ.ಪಿ. ಇಳಿಯಲಿಲ್ಲ. "ಹಾಗಾದರೆ ದುಡ್ಡಿನ ಚಿಂತೆ ಇರಬೇಕು. ಕಡಿಮೆ ಮಾಡ್ಕೊಳ್ಳಿ," ಎಂದರು. ಚಿಂತೆಯನ್ನೋ ದುಡ್ಡನ್ನೋ ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿಹೋಗಿತ್ತು. ಪಿಂಚಣಿ ಪ್ರತಿ ತಿಂಗಳೂ ಇಪ್ಪತ್ತನೇ ತಾರೀಕಿಗೆ ನಿಟ್ಟುಸಿರು ಬಿಡುತ್ತಿತ್ತು. ಉಳಿದ ಹತ್ತು ದಿನ ನಾನು ಬಿಡುತ್ತಿದ್ದೆ. ಕಷ್ಟಕಾಲಕ್ಕೆಂದು ಬ್ಯಾಂಕಿನಲ್ಲಿ ಒಂದು ಠೇವಣಿ ಇತ್ತು. ಆದರೆ ಯಾವ ಕಷ್ಟ ಬಂದರೂ, ನಾಳೆ ಇದಕ್ಕಿಂತ ದೊಡ್ಡದು ಬಂದರೇನು ಗತಿ ಎಂದು ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ಬಿ.ಪಿ. ಯಂತ್ರ ಕೊಂಡೆ. ಪ್ರತಿ ಖರ್ಚಿಗೆ ಮುಂಚೆ ಒಂದು ರೀಡಿಂಗ್, ಆಮೇಲೊಂದು. ನೂರೈವತ್ತು ದಾಟಿಸಿದ ಖರ್ಚಿಗೆ ಸಂಪರ್ಕ ಕಡಿತ! ಮೊದಲ ವಾರ ದಿನಪತ್ರಿಕೆ ನಿಂತಿತು. ಎರಡನೇ ವಾರ ಟಿ.ವಿ. ಕಣ್ಣು ಮುಚ್ಚಿತು. ಮೂರನೇ ವಾರ ನನ್ನಾಕೆಯ ಹಲ್ಲಿನ ಸರದಿ.

ಅವಳ ಎಡಗಡೆಯ ದವಡೆ ಹಲ್ಲು ಎಂಟು ತಿಂಗಳಿಂದ ನೋಯುತ್ತಿತ್ತು. ಬಲಗಡೆಯೊಂದರಲ್ಲೇ ಅಗಿದು ಅಗಿದು ಅವಳ ಊಟ ಮುಗಿಯುವಷ್ಟರಲ್ಲಿ ನಾನು ಒಂದು ನಿದ್ದೆ ಮುಗಿಸಿ ಏಳುತ್ತಿದ್ದೆ. ಅದನ್ನು ಕಿತ್ತು ಹೊಸದು ಕೂರಿಸಲು ದಂತವೈದ್ಯರು ಹೇಳಿದ್ದ ಮೊತ್ತವನ್ನು ಸುಮ್ಮನೆ ನೆನೆದುಕೊಂಡು ತೋಳಿಗೆ ಪಟ್ಟಿ ಸುತ್ತಿದೆ. ನೂರ ಎಪ್ಪತ್ತೆರಡು!

"ನೋಡು, ಕೊಡದೇನೇ ಇಷ್ಟು. ಕೊಟ್ಟರೆ ನಾನೇ ಇರಲ್ಲ," ಎಂದು ಯಂತ್ರ ತೋರಿಸಿದೆ.

ಅವಳು ಕೆನ್ನೆ ಹಿಡಿದುಕೊಂಡೇ ಓದಿದಳು. "ಆಯ್ತು ಬಿಡಿ. ಹೊಲಿಗೆ ದುಡ್ಡಲ್ಲಿ ನಾನೇ ಮಾಡಿಸ್ಕೋತೀನಿ."

ಅಂದಿನಿಂದ ಹೊಲಿಗೆ ಯಂತ್ರ ದಿನವಿಡೀ ಕಟಕಟ ಎನ್ನತೊಡಗಿತು. ಬೀದಿಯವರ ಪರದೆ, ದಿಂಬಿನ ಚೀಲ, ಹರಿದ ಪ್ಯಾಂಟು ಎಲ್ಲವೂ ನಮ್ಮ ಮನೆಗೆ ಬಂದು ಹೋದವು. ಕೂಲಿ ಒಂದು ಲಕೋಟೆಯಲ್ಲಿ ಸೇರುತ್ತಿತ್ತು. ಮೇಲೆ 'ಹಲ್ಲು' ಎಂದು ಬರೆದಿದ್ದಳು.

ಒಂದು ಸೋಮವಾರ ಬಿ.ಪಿ. ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ದಿನಸಿ ಅಂಗಡಿಗೆ ಹೋದೆ. ಎಣ್ಣೆಯ ಬೆಲೆ ಏರಿತ್ತು. ಬೆಲೆ ಕಿವಿಗೆ ಬಿದ್ದ ಕ್ಷಣದ ರೀಡಿಂಗ್ ಬಿಡಲಾದೀತೇ! ಅಲ್ಲೇ ಮೂಟೆಯೊಂದರ ಮೇಲೆ ಕುಳಿತು ಪಟ್ಟಿ ಸುತ್ತಿ, ಡಾಕ್ಟರು ಹೇಳಿಕೊಟ್ಟಂತೆ ಕಣ್ಣು ಮುಚ್ಚಿ, ಅಲುಗದೆ, ಮಾತಾಡದೆ ಇದ್ದೆ. ಈ ಯಜಮಾನರು ಹೋಗಿಬಿಟ್ಟರು ಎಂದು ಯಾರೋ ಅಂದರು. ಮಾತಾಡಿದರೆ ರೀಡಿಂಗ್ ಕೆಡುತ್ತದೆಂದು ಸುಮ್ಮನಿದ್ದೆ. ಅಲುಗಿಸಿ ನೋಡಿದರು. ನಾನು ಶಿಸ್ತಿನ ಮನುಷ್ಯ, ಕಣ್ಣು ಬಿಡಲಿಲ್ಲ. ನಾಲ್ಕು ಜನ ಎತ್ತಿ ಕಾರಿಗೆ ಹಾಕಿದ ಮೇಲೆ, ನಾನು ಚೆನ್ನಾಗಿದ್ದೇನೆ ಎಂದೆ. ಎದೆನೋವಿನವರೆಲ್ಲ ಹೇಳುವುದೇ ಹಾಗೆ ಎಂದು ಅಂಗಡಿಯವರು ನನ್ನ ಎದೆ ಒತ್ತಲು ಶುರುಮಾಡಿದರು. ಅವರ ಒತ್ತಿಗೆ ಐವತ್ತು ವರ್ಷದ ಹಿಂದಿನ ಊಟವೂ ನೆನಪಾಯಿತು.

ಆಸ್ಪತ್ರೆಯಲ್ಲಿ ಎರಡು ದಿನ. ನೆತ್ತಿಯಿಂದ ಕಿರುಬೆರಳವರೆಗೆ ಪರೀಕ್ಷೆ. ಎಲ್ಲವೂ ಸರಿಯಿತ್ತು, ಬಿಲ್ ಒಂದನ್ನು ಬಿಟ್ಟು. ಅದನ್ನು ಮಡಚಿ ತಲೆಯಡಿ ಇಟ್ಟುಕೊಂಡರೆ ದಿಂಬು ಬೇಕಿರಲಿಲ್ಲ. ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ನನ್ನಾಕೆ ಅದನ್ನು ಕಟ್ಟಿ ಬಂದಿದ್ದಳು. ಅವಳ ಕೈಯಲ್ಲಿ ಆ ಲಕೋಟೆ ಇತ್ತು, ಖಾಲಿ.

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ? ಠೇವಣಿ ಇತ್ತಲ್ಲ."

"ಕೇಳಿದ್ರೆ ನಿಮ್ಮ ಬಿ.ಪಿ. ಏರುತ್ತೆ. ಇನ್ನೂ ಎರಡು ದಿನ ಇಟ್ಕೋತಾರೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ತೆಗೆಯಬಹುದಿತ್ತು. ಅವಳು ದಣಿದು ಹೇಳಿದಳು. ಹೇಳಿ, ನನಗೆಂದು ಕೊಟ್ಟಿದ್ದ ಬ್ರೆಡ್ಡನ್ನು ಬಲಗಡೆಯಲ್ಲಿ ನಿಧಾನವಾಗಿ ಅಗಿಯತೊಡಗಿದಳು.

ಮರುದಿನವೇ ಠೇವಣಿ ಮುರಿಸಿದೆ. ಅವಳನ್ನು ಕರೆದುಕೊಂಡು, ರಾಜ್ಯ ಗೆದ್ದವನ ಗತ್ತಿನಲ್ಲಿ ದಂತವೈದ್ಯರ ಮುಂದೆ ನಿಂತು, ಎಷ್ಟಾದರೂ ಆಗಲಿ ಕಿತ್ತುಬಿಡಿ ಎಂದೆ. ಅವರು ಅವಳನ್ನು ಕುರ್ಚಿಯಲ್ಲಿ ಒರಗಿಸಿ, ಮೊದಲು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ನೂರ ಎಂಬತ್ತು!

"ಇಷ್ಟಿದ್ರೆ ಕೀಳೋಕಾಗಲ್ಲಮ್ಮ. ಮನಸ್ಸಿಗೇನಾದ್ರೂ ಭಾರ ಇದೆಯಾ?"

ದುಡ್ಡು ತಂದಿದ್ದೇನೆ, ಇನ್ನು ಯಾವ ಭಾರವೂ ಇಲ್ಲ ಎಂದು ಅವಳ ಪರವಾಗಿ ನಾನೇ ಉತ್ತರಿಸಿದೆ. ಎಷ್ಟಕ್ಕೆ ಮುರಿಸಿದೆ, ಎಷ್ಟು ಬಡ್ಡಿ ಹೋಯಿತು, ಮುಂದೆ ಕಷ್ಟ ಬಂದರೆ ಏನು ಗತಿ ಎಂಬುದನ್ನೂ ವಿವರಿಸಿದೆ. ದಂತವೈದ್ಯರು ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಹದಿನೈದು ನಿಮಿಷ ಕಳೆಯಿತು. ಒಳಗಿನಿಂದ ಅವರ ಧ್ವನಿ ಕೇಳಿಸಿತು.

"ನೂರ ಮೂವತ್ತು. ಈಗ ಕೀಳಬಹುದು. ಏನು ಮಾತ್ರೆ ತಗೊಂಡ್ರಮ್ಮ?"

"ಏನೂ ಇಲ್ಲ ಡಾಕ್ಟ್ರೇ," ಎಂದಳು ನನ್ನಾಕೆ. "ಅವರು ಹೊರಗೆ ಕೂತಿದ್ದಾರೆ."