ರಂಪಣಿಯ ಪಾಲು

ಯಜ್ಞನಾರಾಯಣ ಕಾಪುವಿನ ಕಡಲ ಕರೆಗೆ ಹೋದದ್ದು ನಾಯಕತ್ವ ಕಲಿಯಲಿಕ್ಕೆ. ತಿರುಗಿ ಬರುವಾಗ ಅವನ ಕೈಯಲ್ಲಿ ಇದ್ದದ್ದು ಒಂದು ಚೀಲ ಬೂತಾಯಿ ಮೀನು. ಕಷ್ಟ ಶುರುವಾದದ್ದು ಅಲ್ಲಿಂದ.

ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ ಅವನ ಮನೆ. ಅಪ್ಪ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದವರು, ಅಮ್ಮ ಈಗಲೂ ದೇವರಿಗೆ ಹೂ ಕಟ್ಟಿ ಕೊಡುವವರು. ಆ ಮನೆಯ ಹೊಸಿಲು ದಾಟಿ ಮೀನು ಬರುವುದು ಹಾಗಿರಲಿ, ಮೀನಿನ ಹೆಸರೂ ಒಳಗೆ ಬಂದದ್ದಿಲ್ಲ. ಯಜ್ಞ ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತ. ಬಿ.ಕಾಂ. ಪಾಸಾಗಿದ್ದ, ಆದರೆ ಪಾಸಾದದ್ದು ಅವನಿಗೇ ಆಶ್ಚರ್ಯ ಆಗುವ ಹಾಗೆ. ಆ ಅಂಕಗಳಿಗೆ ಮ್ಯಾನೇಜ್‌ಮೆಂಟ್ ಡಿಗ್ರಿಯ ಬಾಗಿಲು ತೆರೆಯುವುದಿಲ್ಲ. ಇದ್ದದ್ದು ಒಂದು ಕಿಟಕಿ ಮಾತ್ರ. ಆಫೀಸಿನವರು ಸಂಜೆ ಹೊತ್ತು ‘ಲೀಡರ್‌ಶಿಪ್ ಮತ್ತು ಟೀಮ್‌ವರ್ಕ್’ ಎಂಬ ತರಗತಿ ನಡೆಸುತ್ತಿದ್ದರು. ಅದರಲ್ಲಿ ಎಲ್ಲರಿಗಿಂತ ಮುಂದೆ ಬಂದವನನ್ನು ಡಿಗ್ರಿಗೆ ಕಳುಹಿಸುತ್ತಾರೆ. ಒಬ್ಬನನ್ನು ಮಾತ್ರ. ಮುಂದಿನ ವರ್ಷಕ್ಕೆ ಯಜ್ಞನಿಗೆ ವಯಸ್ಸು ಮೀರುತ್ತದೆ. ಹಾಗಾಗಿ ಎಮರ್ಜೆನ್ಸಿ ಮುಗಿದ ಆ ವರ್ಷ, ಮಳೆ ಬಿಟ್ಟಂದಿನಿಂದ, ಅವನು ಬಿಸಿ ಹೊಯ್ಗೆಯಲ್ಲಿ ಬರಿಗಾಲಲ್ಲಿ ನಿಂತವನ ಹಾಗೆ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಪಾಠ ಮಾಡುವವರು ಬಂಗಾಳದ ಮುಖರ್ಜಿ ಪ್ರೊಫೆಸರರು. ಕೊನೆಯ ತರಗತಿಯಲ್ಲಿ ಅವರು ಒಂದು ಆಜ್ಞೆ ಹೊರಡಿಸಿದರು. “ಪುಸ್ತಕದ್ದು ಸಾಕು. ಭಾನುವಾರ ಬೆಳಿಗ್ಗೆ ಕಾಪುವಿಗೆ ಹೋಗಿ, ಅಲ್ಲಿ ರಂಪಣಿ ಬಲೆ ಎಳೆಯುತ್ತಾರೆ. ನೀವೂ ಎಳೆಯಿರಿ. ಯಾರು ನಾಯಕ, ಯಾರು ತಂಡ ಅಂತ ನೋಡಿ. ಸಂಜೆ ನಾಲ್ಕಕ್ಕೆ ಬಂದು ನನಗೆ ಹೇಳಿ.”

ತರಗತಿಯಲ್ಲಿ ಹೆಚ್ಚಿನವರಿಗೆ ಭಾನುವಾರವೇ ಜ್ವರ ಬಂತು. ಯಜ್ಞ ಮಾತ್ರ ಬೆಳಕು ಹರಿಯುವ ಮೊದಲೇ ಕಾಪುವಿನಲ್ಲಿದ್ದ.

ರಂಪಣಿ ಎಂದರೆ ಸಣ್ಣ ಬಲೆಯಲ್ಲ. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗವನ್ನು ಕರೆಯಲ್ಲಿ ನಿಂತು ಊರಿಗೆ ಊರೇ ಎಳೆಯಬೇಕು. ಯಜ್ಞ ಮೊದಲು ನಾಯಕತ್ವಕ್ಕೆ ಕೈ ಹಾಕಿದ. ಒಂದು ಹೊಯ್ಗೆ ದಿಬ್ಬ ಹತ್ತಿ, ತನ್ನನ್ನು ಪ್ರೊಫೆಸರರು ಕಳುಹಿಸಿದ್ದು ಎಂದು ಸಾರಿ, “ಎಲ್ಲರೂ ಒಟ್ಟಿಗೆ ಎಳೆಯಿರಿ” ಎಂದ. ಅವರು ಆಗಲೇ ಒಟ್ಟಿಗೆ ಎಳೆಯುತ್ತಿದ್ದರು. ಅಪ್ಪಿ ಎಂಬ ಮುದುಕಿಯೊಬ್ಬಳು ಅವನ ತೋಳು ಹಿಡಿದು ಕೆಳಗಿಳಿಸಿ ಹಗ್ಗಕ್ಕೆ ಕಟ್ಟುವವಳ ಹಾಗೆ ನಿಲ್ಲಿಸಿದಳು. “ಭಟ್ರೇ, ಬೊಬ್ಬೆ ಮತ್ತೆ. ಮೊದಲು ಕೈ ಕೊಡಿ.”

ಅವನೂ ಎಳೆದ. ಮೈಯೆಲ್ಲ ಉಪ್ಪು, ಬೆವರು. ಆದರೂ ಮನಸ್ಸಿಗೆ ಒಂದು ಖುಷಿ. ಸಂಜೆ ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಾ ಹೊರಟವನನ್ನು ಪಾಲು ಹಂಚುವ ಶೀನಣ್ಣ ತಡೆದ.

“ಎಲ್ಲಿಗೆ? ನಿಮ್ಮ ಪಾಲು ಉಂಟು.”

“ಅಯ್ಯೋ, ಬೇಡ. ನಾವು ತಿನ್ನುವವರಲ್ಲ.”

“ತಿನ್ನಿ ಅಂತ ಯಾರು ಹೇಳಿದ್ದು? ತಗೊಳ್ಳಿ ಅಂತ ಹೇಳಿದ್ದು. ಹಗ್ಗ ಮುಟ್ಟಿದವ ಬರಿಗೈಯಲ್ಲಿ ಹೋದರೆ ನಾಳೆ ಬಲೆಯೂ ಬರಿದೇ ಬರ್ತದೆ. ನಾಳೆ ನಮ್ಮ ಮಕ್ಕಳಿಗೆ ನಿಮ್ಮ ಪ್ರೊಫೆಸರರು ಊಟ ಹಾಕ್ತಾರಾ?”

ಸುತ್ತ ನಿಂತವರೆಲ್ಲ ಅವನ ಮುಖ ನೋಡಿದರು. ಯಜ್ಞ ಕಣ್ಣು ಮುಚ್ಚಿ ಚೀಲ ಒಡ್ಡಿದ. ತೆಂಗಿನ ಗರಿಯ ಬುಟ್ಟಿಯಿಂದ ಬೂತಾಯಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಾ ಒಳಗೆ ಜಾರಿದವು. ಬಟ್ಟೆಯ ಆ ಹಳದಿ ಚೀಲ ಅವನ ಅಣ್ಣನ ಮಗನ ಉಪನಯನದ್ದು. ಮೇಲೆ ವಟುವಿನ ಹೆಸರು, ಮನೆಯ ಹೆಸರು, ಶ್ರೀಕೃಷ್ಣ ಪ್ರಸನ್ನ, ಎಲ್ಲ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಹಾಗಾಗಿ ಅದನ್ನು ಎಲ್ಲಿಯೂ ಬಿಟ್ಟುಬರುವ ಹಾಗಿರಲಿಲ್ಲ.

ಗಾಳಿಮರಗಳ ಹಿಂದೆ ಹೋಗಿ ಮೀನನ್ನಷ್ಟೇ ಸುರಿದ. ಕೂಡಲೇ ಹಿಂದಿನಿಂದ ಅಪ್ಪಿಯ ದನಿ. “ಭಟ್ರೇ, ನಿಮ್ಮ ಪಾಲು ಬಿದ್ದುಹೋಯ್ತು.” ಅವಳೂ ಅವಳ ಸೊಸೆಯಂದಿರೂ ಒಂದನ್ನೂ ಬಿಡದೆ ಹೆಕ್ಕಿ, ಹೊಯ್ಗೆ ಕೊಡವಿ, ತಿರುಗಿ ಚೀಲಕ್ಕೆ ತುಂಬಿಸಿ, ತಮ್ಮ ಕಡೆಯದ್ದು ಅಂತ ನಾಲ್ಕು ಬಂಗುಡೆಯನ್ನೂ ಸೇರಿಸಿದರು. ಬಸ್ಸು ಹತ್ತಿಸುವವರೆಗೆ ಅವಳು ಜೊತೆಗೇ ಬಂದಳು. ಅಂಥ ಮರ್ಯಾದೆ ಅವನಿಗೆ ಆಫೀಸಿನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಬಸ್ಸಿನಲ್ಲಿ ಇದ್ದದ್ದು ಒಂದೇ ಜಾಗ. ಅದರ ಪಕ್ಕದಲ್ಲಿ ಕೂತದ್ದು ಅವನ ಓಣಿಯ ಮೂಕಾಂಬಿಕಮ್ಮ, ಮಗಳ ಮನೆಯಿಂದ ಬರುತ್ತಿದ್ದವರು. ಊರಿನ ಸುದ್ದಿ ಮೊದಲು ಅವರಿಗೆ ತಿಳಿದು ಆಮೇಲೆ ನಡೆಯುತ್ತದೆ ಎಂಬ ಖ್ಯಾತಿಯವರು.

“ಬಾ ಯಜ್ಞ, ಕೂತುಕೋ. ಚೀಲದಲ್ಲಿ ಎಂತ?”

“ಎಣ್ಣೆ ಅತ್ತೆ. ಔಷಧಿಯದ್ದು.”

“ಎಂತ ನಾತ ಮಾರಾಯ. ಎಲ್ಲಿಗೆ ಹಚ್ಚುವುದು?”

“ಮೊಣಗಂಟಿಗೆ.”

ಅದು ಅವನು ಮಾಡಿದ ದೊಡ್ಡ ತಪ್ಪು. ಮೂಕಾಂಬಿಕಮ್ಮನ ಯಜಮಾನರಿಗೆ ಮೊಣಗಂಟು ನೋವು ಹತ್ತು ವರ್ಷದಿಂದ. “ನಾತ ಇರುವ ಎಣ್ಣೆಯೇ ಹಿಡಿಯುವುದು. ಒಂದು ಸಣ್ಣ ಕುಪ್ಪಿ ಕೊಡು” ಎಂದು ಅವರು ಚೀಲಕ್ಕೆ ಕೈ ಚಾಚಿದರು. ಯಜ್ಞ ಚೀಲವನ್ನು ಬಾಣಂತಿ ಮಗುವನ್ನು ಅವಚಿಕೊಂಡ ಹಾಗೆ ಎದೆಗೆ ಅವಚಿಕೊಂಡ.

ಅಷ್ಟರಲ್ಲಿ ಕಂಡಕ್ಟರನ ಮೂಗು ಎದ್ದಿತು. “ಮೀನು ಯಾರದ್ದು? ಮೀನು ಒಳಗೆ ಆಗುವುದಿಲ್ಲ. ಬಸ್ಸಿನ ಮೇಲೆ ಹಾಕಿ.”

ಎಲ್ಲರೂ ಯಜ್ಞನ ಕಡೆಗೆ ನೋಡಿದರು. ಆಗ ಮೂಕಾಂಬಿಕಮ್ಮ ಸೆರಗು ಸಿಕ್ಕಿಸಿ ಎದ್ದರು. “ಇವನ್ನ ಎಂತ ನೋಡುವುದು ನೀವು? ಮಠದ ಅಡುಗೆಯವರ ಮಗ ಇವ. ಅದು ಮೊಣಗಂಟಿನ ಎಣ್ಣೆ.” ಹಿಂದಿನ ಸೀಟಿನ ಒಬ್ಬರು ಯಾವ ಪಂಡಿತರದ್ದು ಎಂದು ಕೇಳಿದರು. ಇನ್ನೊಬ್ಬರು ಬೆನ್ನಿಗೂ ಆಗ್ತದಾ ಎಂದರು. ಚೀಲದ ಮೂಲೆಯಿಂದ ‘ಎಣ್ಣೆ’ ತೊಟ್ಟಿಕ್ಕಲು ಶುರುವಾಯಿತು. ಕಟಪಾಡಿ ಬಂತೋ ಇಲ್ಲವೋ, ಯಜ್ಞ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿಕೊಂಡ.

ಸೋಡಾದ ಅಂಗಡಿಯ ಎದುರು ಡೆನಿಸ್ ನಿಂತಿದ್ದ. ಅವನೂ ಅದೇ ಆಫೀಸು, ಅದೇ ತರಗತಿ. ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದೇ ನಿದ್ರೆ ಮಾಡುವ ಕಲೆ ತಿಳಿದವನು.

“ನೀನು ಕಾಪುವಿಗೆ ಬರಲಿಲ್ಲವಾ?”

“ಭಾನುವಾರ ಅಲ್ವಾ ಮಾರಾಯ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಉಂಟು. ಆಮೇಲೆ ಊಟ ಉಂಟು. ಊಟದ ಮೇಲೆ ಎಂತ ಉಂಟು ಅಂತ ನಿನಗೇ ಗೊತ್ತುಂಟು. ಈಗ ಮಣಿಪಾಲಕ್ಕೆ ಹೊರಟದ್ದು, ಹಾಜರಿ ಹಾಕಿಸಲಿಕ್ಕೆ.”

ಯಜ್ಞ ಚೀಲವನ್ನು ಅವನ ಕೈಗೆ ತುರುಕಿದ. ಡೆನಿಸ್ ಒಳಗೆ ನೋಡಿದ. ಅವನ ಮುಖ ದೀಪ ಹಚ್ಚಿದ ಹಾಗಾಯಿತು. “ತಾಜಾ ಉಂಟು. ಹೆಂಡತಿ ಲೊರ್ನಾ ಬೆಳಿಗ್ಗೆಯಿಂದ ಮೀನಿಲ್ಲ ಅಂತ ನನ್ನನ್ನು ಹುರಿಯುತ್ತಿದ್ದಳು.”

“ಕೊಂಡುಹೋಗು. ಚೀಲ ಒಗೆದು ನಾಳೆ ಕೊಡು. ಇದು ನನ್ನದು ಅಂತ ಒಂದು ನರಪಿಳ್ಳೆಗೂ ಹೇಳಬಾರದು. ನಿನ್ನ ಏಸುವಿನ ಆಣೆ ಹಾಕು.”

ಡೆನಿಸ್ ಸೋಡಾ ಕೆಳಗಿಟ್ಟು ಆಣೆ ಹಾಕಿದ. ಅವನ ಮನೆ ದೂರ, ಹೋಗಿ ಬರಲು ಹೊತ್ತು ಸಾಲದ್ದರಿಂದ ಚೀಲ ಹಿಡಿದೇ ಮಣಿಪಾಲದ ಬಸ್ಸು ಹತ್ತಿದ.

ಯಜ್ಞ ಅಲೆವೂರಿನ ತನ್ನ ಚಿಕ್ಕಮ್ಮನ ಮನೆಗೆ ಓಡಿದ. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಹೊಯ್ದುಕೊಂಡ. ಸೀಗೆಪುಡಿ, ಕಡಲೆಹಿಟ್ಟು, ಒಂದು ಹೊಸ ಸಾಬೂನು, ಮೂರನ್ನೂ ಮುಗಿಸಿದ. ಚಿಕ್ಕಪ್ಪನ ಅಂಗಿ ಹಾಕಿ, ಹಣೆಗೆ ಗಂಧ ಇಟ್ಟು, ನಾಲ್ಕಕ್ಕೆ ಸರಿಯಾಗಿ ಮಣಿಪಾಲಕ್ಕೆ ಬರುವಾಗ ಸುಲಿದ ತೆಂಗಿನಕಾಯಿಯ ಹಾಗೆ ಶುಭ್ರವಾಗಿದ್ದ.

ಕೋಣೆಯಲ್ಲಿ ಪ್ರೊಫೆಸರರ ಪಕ್ಕಕ್ಕೆ ಆಫೀಸಿನ ಮ್ಯಾನೇಜರು ವಿಠಲ ಉಪಾಧ್ಯರು ಕೂತಿದ್ದರು. ರಥಬೀದಿಯವರೇ, ಗೋಪೀಚಂದನದ ನಾಮ ಹಚ್ಚಿದ ಹಿರಿಯರು. ಯಜ್ಞನ ಅಪ್ಪನನ್ನು ಏಕವಚನದಲ್ಲಿ ಕರೆದವರು.

ಯಜ್ಞ ಎದ್ದು ನಿಂತು ಚೆನ್ನಾಗಿಯೇ ಹೇಳಿದ. ಪ್ರೊಫೆಸರರು ಕೊನೆಯವರೆಗೆ ಕೇಳಿದರು. ಆಮೇಲೆ ಕೇಳಿದರು, “ನಿಮ್ಮ ಪಾಲು ಎಲ್ಲಿ?”

“ಪಾಲು, ಸರ್?”

“ಎಳೆದವನಿಗೆ ಮೀನು ಕೊಡದೆ ಆ ಜನ ಬಿಡುವುದಿಲ್ಲ. ಎಳೆಯದವನಿಗೆ ಕೊಡುವುದೂ ಇಲ್ಲ. ಅದಕ್ಕೇ ನಾನು ಕಾಪು ಆರಿಸಿದ್ದು. ಮಾತು ಯಾರೂ ಆಡಬಹುದು. ನಿಮ್ಮಿಂದ ಸಾಬೂನಿನ ಪರಿಮಳ ಬರುತ್ತಿದೆ.”

ಯಜ್ಞ ಕೆಂಪಾದ ಅಂಗೈ ತೋರಿಸಿದ. “ಬಾವಿಯ ಹಗ್ಗದಿಂದಲೂ ಕೈ ಕೆಂಪಾಗುತ್ತದೆ” ಎಂದರು ಪ್ರೊಫೆಸರರು. ಅದೂ ಸುಳ್ಳಲ್ಲ. ಆಗ ಅವರ ಮೂಗು ಹಿಂದಿನ ಬೆಂಚಿಗೆ ತಿರುಗಿತು. ಬಂಗಾಳದ ಮೂಗು, ಮೋಸ ಹೋಗುವಂಥದ್ದಲ್ಲ. ಡೆನಿಸನ ಕಾಲ ಬುಡದಲ್ಲಿ ಹಳದಿ ಚೀಲ ಒದ್ದೆಯಾಗಿ ಕೂತಿತ್ತು.

“ಭಲೇ. ನೀವು ಎಂತ ಕಲಿತಿರಿ?”

ಡೆನಿಸ್ ಎದ್ದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಯೋಚಿಸಿ ಯೋಚಿಸಿ ಹೇಳಿದ, “ಸರ್, ಎಳೆಯುವವನು ಬೇರೆ, ಹೊರುವವನು ಬೇರೆ, ತಿನ್ನುವವನು ಬೇರೆ. ಒಬ್ಬರಿಗೊಬ್ಬರು ಇಲ್ಲದೆ ನಡೆಯುವುದಿಲ್ಲ.”

ಪ್ರೊಫೆಸರರು ಮೇಜು ತಟ್ಟಿದರು. ಆದರೆ ಉಪಾಧ್ಯರ ಕಣ್ಣು ಚೀಲದ ಕೆಂಪಕ್ಷರದ ಮೇಲೆ ಬಿದ್ದಿತ್ತು. ಅವರು ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡು ಕನ್ನಡದಲ್ಲಿ ಕೇಳಿದರು, “ಯಜ್ಞನಾರಾಯಣ, ಇದು ನಿಮ್ಮ ಮನೆಯ ಚೀಲ ಅಲ್ವಾ? ಮೀನು ನಿನ್ನದಾ?”

ಡೆನಿಸ್ ಆಣೆಗೆ ಕಟ್ಟುಬಿದ್ದು ಛಾವಣಿ ನೋಡುತ್ತಿದ್ದ. ಹೌದು ಎಂದರೆ ಡಿಗ್ರಿಯ ಸೀಟು. ಹೌದು ಎಂದರೆ ನಾಳೆ ರಥಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ, ಅಮ್ಮ ಕಟ್ಟಿದ ಹೂವನ್ನು ಯಾರು ಮುಟ್ಟುತ್ತಾರೆ? ಯಜ್ಞನ ಬಾಯಿ ಎರಡು ಸಲ ತೆರೆದು ಮುಚ್ಚಿತು, ಥೇಟು ಬೆಳಿಗ್ಗೆ ಬಲೆಯಲ್ಲಿ ಕಂಡವುಗಳ ಹಾಗೆ.

“ಉಪನಯನಕ್ಕೆ ಬಂದವರಿಗೆಲ್ಲ ಆ ಚೀಲ ಕೊಟ್ಟಿದ್ದೆವು, ರಾಯರೇ. ಮೀನು ನನ್ನದಲ್ಲ.”

ಉಪಾಧ್ಯರು ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಸೀಟು ಡೆನಿಸನಿಗೆ ಆಯಿತು.

ಹೊತ್ತು ಕಂತುವಾಗ ಯಜ್ಞ ಓಣಿಗೆ ಬಂದ. ಜಗಲಿ ಜಗಲಿಯಿಂದ ಮುಖಗಳು ಅವನ ಕಡೆಗೆ ತಿರುಗಿದವು. ಮರ್ಯಾದೆಯಾದರೂ ಉಳಿಯಿತಲ್ಲ ಎಂದುಕೊಂಡು ಅವನು ಮನೆಯ ಮೆಟ್ಟಿಲು ಹತ್ತಿದ. ಅಮ್ಮ ಹೂ ಕಟ್ಟುತ್ತಾ ಕೂತಿದ್ದರು.

“ಮೂಕಾಂಬಿಕಾ ಬಂದಿದ್ದಳು. ನೀನು ಇಳಿದ ಮೇಲೆ ಸೀಟಿನಲ್ಲಿ ಒಂದು ಬೂತಾಯಿ ಇತ್ತಂತೆ. ಓಣಿಯವರಿಗೆಲ್ಲ ಹೇಳಿ ಆಯ್ತು.”

ಯಜ್ಞ ಚಿಕ್ಕಪ್ಪನ ಅಂಗಿಯ ತೋಳನ್ನು ಮೂಸಿ ನೋಡಿದ.

“ನಾನೂ ಬಿಡಲಿಲ್ಲ,” ಎಂದರು ಅಮ್ಮ, ನೂಲಿಗೆ ಗಂಟು ಹಾಕುತ್ತಾ. “ಕಳ್ಳತನಕ್ಕೆ ಹಿಡಿದದ್ದಾ? ಓದಿಗೆ ಹಿಡಿದದ್ದು, ಒಂದು ಸ್ನಾನ ಮಾಡಿದರೆ ಆಯ್ತು ಅಂದೆ. ಮತ್ತೆ ಉಪಾಧ್ಯರ ಮನೆಯಲ್ಲಿಯೂ ಕೇಳಿ ಬಂದೆ, ಅವರಿಗೆ ಬೇಜಾರಾಗಬಾರದಲ್ಲ. ಅವರ ಹೆಂಡತಿ ನಕ್ಕದ್ದೇ ನಕ್ಕದ್ದು. ಉಪಾಧ್ಯರು ಬೊಂಬಾಯಿಯಲ್ಲಿ ಡಿಗ್ರಿ ಮಾಡುವಾಗ ಮೀನು ಹೊತ್ತದ್ದಲ್ಲವಂತೆ, ಎರಡು ವರ್ಷ ತಿಂದೇ ಓದಿದ್ದಂತೆ. ಯಜ್ಞ ಪಾಲಿನ ಮೀನು ತಂದದ್ದು ಹೌದು ಅಂತ ಒಂದು ಮಾತು ಹೇಳಿದರೆ ಸಾಕು, ಸೀಟು ಅವನಿಗೇ ಅಂತ ಬೆಳಿಗ್ಗೆಯೇ ಹೇಳಿ ಹೋಗಿದ್ದಾರಂತೆ.”

ಅಮ್ಮ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿಟ್ಟು ಮಗನ ಕಡೆಗೆ ತಿರುಗಿದರು.

“ಸೀಟು ಸಿಕ್ಕಿತಲ್ಲ?”