ಮೂರಡಿ ಎರಡಂಗುಲದ ಕೊಂಬೆ

ಪಕ್ಕದ ಮನೆಯ ಬಾದಾಮಿ ಮರಕ್ಕೆ ಒಂದು ಗತಿ ಕಾಣಿಸಿಯೇ ತೀರುತ್ತೇನೆಂದು ಭಾನುವಾರ ಬೆಳಿಗ್ಗೆ ಪ್ರತಿಜ್ಞೆ ಮಾಡಿದೆ. ನಾನೇನು ಸಾಮಾನ್ಯ ಆಸಾಮಿಯೇ? ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದವನು! ಜಗಳಗಂಟ ಅಣ್ಣತಮ್ಮಂದಿರಿಗೆ ಅಂಗುಲ ಅಂಗುಲಕ್ಕೂ ನ್ಯಾಯ ಹಂಚಿದವನು! ಅಂಥವನ ಅಡುಗೆಮನೆಯ ತಾರಸಿಯ ಮೇಲೆಯೇ ಪರರ ಕೊಂಬೆ! ಅದರ ಎಲೆಗಳು ನೀರಿನ ಕೊಳವೆಗೆ ಸಿಕ್ಕಿಕೊಂಡು, ಮಳೆ ಬಂದರೆ ಒಲೆಯ ಮೇಲೆ ಸೋರುತ್ತಿತ್ತು.

ಟೇಪು ಹಿಡಿದೆ. ನಮ್ಮ ಅಡುಗೆಮನೆಯ ಗೋಡೆಯೇ ಎರಡು ಮನೆಗಳ ಗಡಿ. ಅದನ್ನು ದಾಟಿ ಕೊಂಬೆ ಬಂದದ್ದು ಮೂರಡಿ ಎರಡಂಗುಲ.

"ಗಡಿ ದಾಟಿ ಬಂದದ್ದನ್ನ ಕಡೀಬೇಕು. ಅದೇ ನ್ಯಾಯ!" ಎಂದೆ.

"ಮೇಷ್ಟ್ರು ಮಲಗಿದ ಕಡೆಯಿಂದ ಕಾಣೋದು ಅದೊಂದೇ ಕೊಂಬೆ ಕಣ್ರೀ," ಎಂದಳು ನನ್ನವಳು.

ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಡಾಕ್ಟರು ಕೈಚೆಲ್ಲಿದ್ದರು. ಅವರ ಹೆಂಡತಿಯೂ ಬಂದು ಕೇಳಿಕೊಂಡರು. "ಇನ್ನೊಂದು ತಿಂಗಳು ತಡ್ಕೊಳ್ಳಿ, ಆಮೇಲೆ ಮರಾನೇ ಕಡಿಸಿಬಿಡ್ತೀನಿ. ಎಲೆ ಕೆಂಪಾಗೋದನ್ನ ದಿನಾ ನೋಡ್ತಾ ಮಲಗಿರ್ತಾರೆ."

"ನೋಡೀಮ್ಮಾ, ಕಾಯಿಲೆ ಬೇರೆ, ಗಡಿ ಬೇರೆ!" ಎಂದೆ. ಹಾಗೆಂದ ನಾಲಿಗೆಯನ್ನು ಈಗ ಏನು ಮಾಡಲಿ ಹೇಳಿ?

ಸೋಮವಾರ ಏಣಿ ಹತ್ತಿ ಗರಗಸ ಆಡಿಸಿದೆ. ಕೊಂಬೆ ಧಡಾರನೆ ಬಿದ್ದದ್ದು ನಮ್ಮದೇ ನೀರಿನ ಟ್ಯಾಂಕಿನ ಮೇಲೆ! ಟ್ಯಾಂಕು ಸೀಳಿತು, ಅಡುಗೆಮನೆ ಕೆರೆಯಾಯಿತು. ತೊಯ್ದು ತೊಪ್ಪೆಯಾಗಿ ತಲೆಯೆತ್ತಿದರೆ ಎದುರು ಕಿಟಕಿಯಲ್ಲಿ ದಿಂಬಿಗೊರಗಿದ ಮೇಷ್ಟ್ರ ಮುಖ. ಬೈಯುತ್ತಾರೆಂದುಕೊಂಡೆ.

"ಜೋಪಾನ ಕಣಪ್ಪ, ಏಣಿ ಅಲ್ಲಾಡ್ತಿದೆ," ಎಂದರು.

ಹನ್ನೊಂದನೆಯ ದಿನ ಹೋಗಿಬಿಟ್ಟರು. ಕೊಂಬೆಯಿಂದಾಗಿ ಹೋದರೆಂದು ಯಾರೂ ಅನ್ನಲಿಲ್ಲ. ಆದರೆ ಆ ಹನ್ನೊಂದು ದಿನವೂ ಪುಣ್ಯಾತ್ಮರು ನೋಡುತ್ತ ಮಲಗಿದ್ದದ್ದು ನಮ್ಮ ಒಡಕು ಟ್ಯಾಂಕನ್ನು. ನನಗೆ ಊಟ ಸೇರಲಿಲ್ಲ.

ತಿಂಗಳಾದ ಮೇಲೆ ಅವರ ಹೆಂಡತಿ ಮತ್ತೆ ಬಂದರು. ಮನೆ ಮಾರಿ ಮಗಳ ಜೊತೆ ಇರುತ್ತಾರಂತೆ. "ಕೊಳ್ಳೋರು ನಕ್ಷೆ ಕೇಳ್ತಿದ್ದಾರೆ. ನೀವಿರೋವಾಗ ಬೇರೆಯವರ ಕೈಲಿ ಯಾಕೆ ಅಳೆಸ್ಲಿ?"

ಪಾಪ ತೊಳೆದುಕೊಳ್ಳಲು ದಾರಿ ಸಿಕ್ಕಿತೆಂದು ಹಿಗ್ಗಿದೆ! ಇಲಾಖೆಯ ಕ್ರಮದಂತೆ, ಬೀದಿ ಮೂಲೆಯ ಹಳೆಯ ಗಡಿಕಲ್ಲಿನಿಂದ ಶುರುಮಾಡಿದೆ. ಊರವರ ಜಾಗವನ್ನೆಲ್ಲ ಅಳೆದ ನಾನು ಸ್ವಂತ ಮನೆಯನ್ನು ಮಾತ್ರ ಎಂದೂ ಅಳೆದಿರಲಿಲ್ಲ. ಅಪ್ಪ ಕಟ್ಟಿಸಿದ ಗೋಡೆ, ಅದಕ್ಕೇಕೆ ಅಳತೆ? ಸರಪಳಿ ಮೇಷ್ಟ್ರ ಅಂಗಳ ದಾಟಿತು. ಗೋಡೆಯ ಹತ್ತಿರ ಬಂದರೂ ಅವರ ಪತ್ರದಲ್ಲಿದ್ದ ಅಳತೆ ಮುಗಿಯಲಿಲ್ಲ. ಕಿಟಕಿಯಿಂದ ನಮ್ಮ ಅಡುಗೆಮನೆಯೊಳಗೆ ನುಗ್ಗಿ, ಸರಿಯಾಗಿ ನಾಲ್ಕಡಿಗೆ, ಒಲೆಯ ಆಚೆ ನಿಂತಿತು. ಮೂರು ಸಲ ಅಳೆದೆ. ಮೂರು ಸಲವೂ ನಾಲ್ಕಡಿ. ಅಂದರೆ ನಾನು ಕಡಿದ ಕೊಂಬೆ ನಿಜವಾದ ಗಡಿ ಮುಟ್ಟಲು ಇನ್ನೂ ಹತ್ತಂಗುಲ ಬಾಕಿಯಿತ್ತು!

"ಅವರಿಗೆ ಗೊತ್ತಿತ್ತು," ಎಂದರು ಮೇಷ್ಟ್ರ ಹೆಂಡತಿ ಮೆಲ್ಲಗೆ. "ನಿಮ್ಮಪ್ಪ ಗೋಡೆ ಎಬ್ಬಿಸಿದಾಗ ನಾನೇ ಜಗಳಕ್ಕೆ ಹೊರಟಿದ್ದೆ. 'ಅಡುಗೆಮನೆ ಕಣೇ, ಆ ಮಗು ಉಣ್ಣೋ ಜಾಗ, ಇರಲಿ ಬಿಡು' ಅಂದ್ರು."

ಆ ಮಗು ಸರಪಳಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟಿತು. ನನ್ನವಳು ಅಟ್ಟದಿಂದ ಗರಗಸ ಇಳಿಸಿ ತಂದು ನನ್ನ ಮುಂದಿಟ್ಟಳು.

"ಗಡಿ ದಾಟಿ ಬಂದದ್ದನ್ನ ಕಡೀಬೇಕು ಅಂದಿದ್ರಲ್ಲ? ಗೋಡೆಯಿಂದ ಶುರು ಮಾಡ್ತೀರೋ, ಒಲೆಯಿಂದಲೋ?"