ಕೆಂಪು ಗಾಯದ ಕರಡಿ

ಗುಡ್ಡಕ್ಕೆ ಕ್ಯಾಮೆರಾ ಬಂದಮೇಲೆ ನಮ್ಮ ಸಂಡೂರು ಕಡೆ ಮನುಷ್ಯ ನೆಮ್ಮದಿಯಾಗಿ ಬೆನ್ನು ತುರಿಸಿಕೊಳ್ಳುವುದೂ ಕಷ್ಟವಾಯಿತು. ಕರಡಿ ಎಣಿಸಲು ಬಂದ ಸರ್ವೆ ಸಾಹೇಬರ ಜೀಪು ಓಡಿಸುತ್ತಿದ್ದವನು ನಾನೇ. ಆದ್ದರಿಂದ ಇದೆಲ್ಲ ಅಪ್ಪಟ ಸತ್ಯ. ಸುಳ್ಳೇನಾದರೂ ಇದ್ದರೆ ಅದಿರಿನ ಧೂಳಿನ ಜೊತೆ ಸೇರಿದ್ದು.

ಮೊದಲ ರೀಲು

ಮರಕ್ಕೆ ಕಟ್ಟಿದ ಕ್ಯಾಮೆರಾ ಮುಂದೆ ಏನು ಹಾದರೂ ಫೋಟೊ ಬೀಳುತ್ತಿತ್ತು. ರೀಲನ್ನು ಹೊಸಪೇಟೆ ಸ್ಟುಡಿಯೋದಲ್ಲಿ ತೊಳೆಸಿದರೆ ಒಂದೂ ಕರಡಿ ಇಲ್ಲ. ಬರೀ ಜೇನು ಕೀಳುವ ಗುಡ್ಡದ ಮಂದಿ. ಹೋಗುವಾಗ, ಬರುವಾಗ, ಒಬ್ಬ ಪಾಪ ಚೊಂಬು ಹಿಡಿದು.

"ಇವರ ಕಾಟಕ್ಕೇ ಕರಡಿ ಓಡಿಹೋಗಿದೆ. ಫೋಟೊ ಮೇಲಕ್ಕೆ ಕಳಿಸಿ ಈ ದಾರಿಗೆ ಬೇಲಿ ಹಾಕಿಸ್ತೀನಿ" ಅಂದರು ಸಾಹೇಬರು.

"ಮತ್ತ ಅದಿರಿನ ಲಾರಿಗಳು ರೀ?"

"ಲಾರಿ ಯಾವ ಫೋಟೊದಲ್ಲೂ ಇಲ್ಲವಲ್ಲಯ್ಯ!"

ಕ್ಯಾಮೆರಾದ ಬೆನ್ನು ಲಾರಿ ರಸ್ತೆಯ ಕಡೆಗಿತ್ತು.

ಎರಡನೆಯ ರೀಲು

ಆ ದಾರಿ ಹೋದರೆ ಜೇನಿನವರ ಅನ್ನವೇ ಹೋಯಿತು. ಸಾಹೇಬರಿಗೆ ಕರಡಿ ತಾನೇ ಬೇಕು? ಜೇನಿನವರ ಹಿರಿಯಜ್ಜಿಯ ಬಳಿ "ಚಳಿಜ್ವರ ಬೇ" ಎಂದು ಕರಿ ಕಂಬಳಿ ಇಸಕೊಂಡು, ಹೊದ್ದು, ಅಂಬೆಗಾಲಲ್ಲಿ ಕ್ಯಾಮೆರಾ ಮುಂದೆ ಹಾದೆ.

ಫೋಟೊ ನೋಡಿ ಸಾಹೇಬರು ಕುಣಿದರು. "ಬೆನ್ನ ಮೇಲೆ ಕೆಂಪು ಗಾಯ ನೋಡು! ಕಾದಾಡಿದ ಗಂಡು! ಸೋಮವಾರ ದೊಡ್ಡ ಸಾಹೇಬರೇ ನೋಡೋಕೆ ಬರ್ತಾರೆ."

"ಹಂಗಾರ ಬೇಲಿ ಬ್ಯಾಡಲ್ರಿ?"

"ಇಂಥ ಕರಡಿ ಇದ್ದಮೇಲೆ ಎರಡು ಸುತ್ತು ಬೇಲಿ!"

ಪಾಲು

ಫೋಟೊ, ಬೇಲಿಯ ಸುದ್ದಿ ಕೇಳಿ ಅಜ್ಜಿ ಕ್ಯಾಂಪಿಗೇ ಬಂದಳು. "ನಮ್ಮ ಫೋಟೊ ಕೊಡ್ರಿ. ರೀಲ್ ಸಮೇತ."

"ಅದು ಸರ್ವೆ ಮಾಹಿತಿ ಅಮ್ಮ, ನಮ್ಮದು."

"ಫೋಟೊದಾಗಿನ ಮಾರಿ ನಮ್ದು, ದಾರಿ ನಮ್ದು, ಮಾಹಿತಿ ನಿಮ್ದು? ಜೇನು ಕೀಳೋವಾಗ ನಾವು ಹುಳಕ್ಕೂ ಪಾಲು ಬಿಡ್ತೀವಿ. ನೀವು ಒಂದು ಮಾತು ಕೇಳದ ಪೂರಾ ಗೂಡ ಕಿತ್ಕೊಂಡ್ರಲ್ಲ!"

ಸಾಹೇಬರು ಕರಡಿಯ ಫೋಟೊ ಎತ್ತಿ ತೋರಿಸಿದರು. "ಇದರ ಸಲುವಾಗಿ ಬೇಲಿ. ಈ ಗಾಯ ನೋಡಿದೆಯಾ?"

ಅಜ್ಜಿ ಫೋಟೊವನ್ನು ಕಣ್ಣಿಗೆ ತಾಗಿಸಿಕೊಂಡಳು. ನಾನು ಬಾಗಿಲ ಕಡೆ ಸರಿದೆ.

"ಗಾಯ ಅಲ್ರೀ. ನಾನ ಹಚ್ಚಿದ ಕೆಂಪು ಬಟ್ಟಿ ತ್ಯಾಪಿ. ನನ್ನ ಕಂಬಳಿ ಇದು!"

ಸಾಹೇಬರು ಫೋಟೊ ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಹುಡುಕಿ ಕೂತರು. "ಅಮ್ಮಾ, ಯಾರಿಗೂ ಹೇಳಬೇಡ."

"ನಮ್ಮ ರೀಲ್ ಕೊಡ್ರಿ, ಬೇಲಿ ಮಾತು ಬಿಡ್ರಿ. ನಾ ಯಾಕ ಹೇಳ್ಲಿ?"

ಮೊದಲ ರೀಲು ಫೋಟೊ ಸಮೇತ ಅಜ್ಜಿಯ ಸೆರಗಿನ ಗಂಟು ಸೇರಿತು. "ಕರಡಿ ಫೋಟೊ ಇಟ್ಕೋರಿ, ನಿಮ್ಮ ಪಾಲು."

ಸಾಹೇಬರು ಕರಡಿ ಫೋಟೊವನ್ನು ಎದೆಗವಚಿಕೊಂಡರು. "ಸೋಮವಾರ ದೊಡ್ಡ ಸಾಹೇಬರು ಬಂದರೆ ಏನು ತೋರಿಸಲಿ?"

ಅಜ್ಜಿ ನನ್ನ ಕಡೆ ತಿರುಗಿದಳು.

"ಲೇ ತಮ್ಮಾ, ಕಂಬಳಿ ಸೋಮವಾರದ ತನಕ ನಿನ್ನ ಹತ್ರನೇ ಇರ್ಲಿ."